ಫ್ಲಾಮೆಂಕೊ ಬರೀ ನೃತ್ಯವೇ? ಅದು ಕಥಕ್‌ನಿಂದ ಬಂದದ್ದೇ?

ಫ್ಲಾಮೆಂಕೊ ಎಂದರೆ ನೆರಿಗೆಯ ಲಂಗ ತೊಟ್ಟ ನರ್ತಕಿಯೇ ನಮಗೆ ಮೊದಲು ನೆನಪಾದರೂ, ದಕ್ಷಿಣ ಸ್ಪೇನಿನ ಆಂಡಲೂಸಿಯಾದಲ್ಲಿ, ಅದರಲ್ಲೂ ಸೆವಿಲ್ಲೆ, ಕಾದಿಸ್, ಹೆರೆಸ್ ಊರುಗಳಲ್ಲಿ, ರೋಮಾ (ಜಿಪ್ಸಿ) ಕುಟುಂಬಗಳ ದೊಡ್ಡ ಪಾಲಿನೊಂದಿಗೆ ಬೆಳೆದ ಈ ಕಲೆಯ ಜೀವಾಳ ಹಾಡುಗಾರಿಕೆ. ಗಿಟಾರ್ ಮತ್ತು ನೃತ್ಯ ಅದಕ್ಕೆ ಹೊಂದಿಕೊಂಡು ನಡೆಯುತ್ತವೆ. 19ನೆಯ ಶತಮಾನದ ಉತ್ತರಾರ್ಧದಲ್ಲಿ ‘ಕಾಫೆ ಕಾಂತಾಂತೆ’ ಎಂಬ ಗಾಯನದ ಕೆಫೆಗಳು ಹೆಚ್ಚಿದಂತೆ ಅದು ವೃತ್ತಿಪರ ರಂಗಕಲೆಯಾಯಿತು.

ಇದರ ನಿಜವಾದ ಸೊಗಸು ಇರುವುದು ತಾಳದಲ್ಲಿ. ಸೊಲೆಯಾ ಎಂಬ ಪ್ರಕಾರದಲ್ಲಿ 12 ಎಣಿಕೆಗಳ ಆವರ್ತವಿದ್ದು, 3, 6, 8, 10 ಮತ್ತು 12ನೆಯ ಎಣಿಕೆಗಳ ಮೇಲೆ ಒತ್ತು ಬೀಳುವುದರಿಂದ, ಮೂರು ಮೂರಾಗಿ ಸಾಗುವ ನಡೆ ಅರ್ಧದಲ್ಲಿ ಎರಡೆರಡಕ್ಕೆ ತಿರುಗುತ್ತದೆ. ಚಪ್ಪಾಳೆಯವರು ಈ ಚೌಕಟ್ಟನ್ನು ಹಿಡಿದಿಟ್ಟಿರುವಾಗ, ನರ್ತಕಿ ತುದಿಗೂ ಹಿಮ್ಮಡಿಗೂ ಮೊಳೆ ಹೊಡೆದ ಪಾದರಕ್ಷೆಗಳಿಂದ ಅದರೊಳಗೇ ಬೇರೆ ಬೇರೆ ಲಯಗಳನ್ನು ಹೊರಡಿಸುತ್ತಾಳೆ. (ಪ್ರವಾಸಿ ಚಿತ್ರಗಳಲ್ಲಿ ತಪ್ಪದೆ ಕಾಣುವ ಕ್ಯಾಸ್ಟನೆಟ್ ಎಂಬ ಕೈಚಿಟಿಕೆ ಇಲ್ಲಿ ಅನಿವಾರ್ಯವೇನಲ್ಲ.)

ರೋಮಾ ಜನರ ಪೂರ್ವಿಕರು ಭಾರತದಿಂದ ಹೋದವರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಆದರೂ ಫ್ಲಾಮೆಂಕೊ ನೇರವಾಗಿ ಕಥಕ್‌ನಿಂದ ಹುಟ್ಟಿತೆನ್ನುವುದು ಆತುರದ ಮಾತು. ಅವರು ಹೊರಟದ್ದು ಸುಮಾರು ಸಾವಿರ ವರ್ಷಗಳ ಹಿಂದೆ, ಇಂದಿನ ಕಥಕ್ ರೂಪುಗೊಂಡದ್ದು ಅದಕ್ಕಿಂತ ಬಹಳ ಈಚೆಗೆ. 2010ರಲ್ಲಿ ಯುನೆಸ್ಕೊ ಫ್ಲಾಮೆಂಕೊವನ್ನು ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.