ಹೊಸ ಪೇಂಟ್ ಹೊಡೆದ ಹಳೇ ಪಿಕಪ್ಪು, ಕೆಳಗೆ ತೂರಿ ನೋಡಿದ್ರಾ?

ಪ್ರಶ್ನೆ: ಸಾರ್, 1978ರ ಟೊಯೋಟಾ ಲ್ಯಾಂಡ್ ಕ್ರೂಸರ್ ಎಫ್‌ಜೆ45 ಪಿಕಪ್ ಒಂದು ಮಾರಾಟಕ್ಕಿದೆ. ಫುಲ್ ರಿಸ್ಟೋರ್ ಮಾಡಿದೀವಿ, ನಟ್ಟು ಬೋಲ್ಟೂ ಬಿಡದೆ ಎಲ್ಲಾ ಹೊಸದು ಅಂತಾರೆ. ಕ್ರೀಮ್ ಕಲರ್, ಹೊಸ ಸೀಟು, ಫೋಟೋದಿಂದ ಕಣ್ಣು ತೆಗೆಯಕ್ಕೇ ಆಗ್ತಿಲ್ಲ. ಡೀಸೆಲ್ ಇಂಜಿನ್ ಅಂತೆ, ಖರ್ಚೂ ಕಮ್ಮಿ ಅಂತಿದಾರೆ. ಅಡ್ವಾನ್ಸ್ ಕೊಟ್ಬಿಡ್ಲಾ?

ಉತ್ತರ: ತಡೀರಿ ತಡೀರಿ. ಮೊದಲು ಆ ಡೀಸೆಲ್ ವಿಷ್ಯ ಇತ್ಯರ್ಥ ಆಗ್ಲಿ. ಈ ಗಾಡಿಗಳ ಹೆಸರಲ್ಲೇ ಇಂಜಿನ್ ಯಾವ್ದು ಅಂತ ಇರತ್ತೆ, ಎಫ್‌ಜೆ45 ಅಂದ್ರೆ ಎಫ್ ಸೀರೀಸಿನ ಆರು ಸಿಲಿಂಡರ್ ಪೆಟ್ರೋಲ್ ಇಂಜಿನ್, ಮೊದಮೊದಲು 3.9 ಲೀಟರ್ ಬರ್ತಿತ್ತು, 70ರ ದಶಕದ ನಡುವಿಂದ 4.2 ಲೀಟರಿನ 2ಎಫ್ ಬಂತು. ಡೀಸೆಲ್ ಆರು ಸಿಲಿಂಡರ್ ಇದ್ದಿದ್ದಕ್ಕೆ ಎಚ್‌ಜೆ45 ಅಂತಿದ್ರು. ಹಾಗಾಗಿ ನಿಮ್ಮ ಮಾರಾಟಗಾರರು ಒಂದೋ ಹೆಸರು ತಪ್ಪು ಹೇಳ್ತಿದಾರೆ, ಇಲ್ಲಾ ಇಂಜಿನ್ ಬದಲಾಗಿದೆ. ಬದಲಾಗಿದ್ರೆ ಗಾಡಿ ಕೆಟ್ಟದ್ದು ಅಂತೇನಲ್ಲ, ಆದ್ರೆ ಯಾವ ಗಾಡಿಯ ಇಂಜಿನ್ನು, ಮೌಂಟಿಂಗ್ ಯಾರು ವೆಲ್ಡ್ ಮಾಡಿದ್ದು, ಕಾಗದದಲ್ಲಿ ಅದು ದಾಖಲಾಗಿದ್ಯಾ, ಇಷ್ಟೂ ಕೇಳಿ. ಕಾಗದದಲ್ಲಿ ಒಂದು, ಬಾನೆಟ್ ಕೆಳಗೆ ಇನ್ನೊಂದು ಇದ್ರೆ ಮುಂದಿನ ತಲೆನೋವೆಲ್ಲ ನಿಮ್ದೇ. ಚಾಸಿಸ್ ನಂಬರನ್ನೂ ಬರೀ ಪ್ಲೇಟಲ್ಲಿ ನೋಡಿ ಸುಮ್ನಾಗಬೇಡಿ, ಪ್ಲೇಟ್ ಬಿಚ್ಚಿ ಹಾಕೋದೇನು ದೊಡ್ಡ ಕೆಲಸ, ಮುಂದಿನ ಬಲ ಚಕ್ರದ ಹತ್ರ ಫ್ರೇಮ್ ಮೇಲೇ ನಂಬರ್ ಕೊರೆದಿರತ್ತೆ, ಬ್ರಷ್ ಹಾಕಿ ಉಜ್ಜಿ ಓದಿ, ಎರಡೂ ತಾಳೆ ಆಗ್ಬೇಕು.

ಇನ್ನು ರಿಸ್ಟೋರ್ ವಿಷ್ಯ. ಪೇಂಟು, ಸೀಟು, ಹೊಳೆಯೋ ಬಂಪರ್ ಇವೆಲ್ಲ ಕೆಲಸದಲ್ಲಿ ತೀರಾ ಸುಲಭದ ಭಾಗ, ಫೋಟೋದಲ್ಲಿ ಕಾಣೋದೂ ಇದೇ. ದುಡ್ಡು ತಿನ್ನೋದು ಕೆಳಗಡೆ. ಹಳೇ ಬಟ್ಟೆ ಹಾಸ್ಕೊಂಡು ಗಾಡಿ ಕೆಳಗೆ ಮಲಗಿ, ಲೀಫ್ ಸ್ಪ್ರಿಂಗ್ ಕೂರೋ ಜಾಗ, ಬಾಡಿ ಮೌಂಟ್ (ಫ್ರೇಮ್ ಮೇಲೆ ಬಾಡಿ ಕೂರೋ ಜಾಗ), ಹಿಂದಿನ ಚಕ್ರದಾಚೆ ಫ್ರೇಮಿನ ಕೊನೆ, ಲೋಡ್ ಬಾಡಿ ಕೆಳಗಿನ ಅಡ್ಡಪಟ್ಟಿ, ಎಲ್ಲಾ ಟಾರ್ಚ್ ಹಾಕಿ ನೋಡಿ. ಫ್ರೇಮು ಪೊಳ್ಳಾಗಿರೋ ಕಡೆ ಒಳಗೆ ಕೆಸರು ನೀರು ನಿಂತು ಒಳಗಿಂದಲೇ ತುಕ್ಕು ತಿಂದ್ಕೊಂಡು ಬರತ್ತೆ, ಹೊರಗೆ ಕಪ್ಪು ಬಣ್ಣ ನೀಟಾಗೇ ಇರತ್ತೆ, ಸಣ್ಣ ಸುತ್ತಿಗೇಲಿ ತಟ್ಟುತ್ತಾ ಹೋಗಿ, ಟಣ್ ಅನ್ನೋ ಸದ್ದು ಎಲ್ಲಾದ್ರೂ ಡಬ್ ಅಂತಾದ್ರೆ ಅಲ್ಲೇ ನಿಲ್ಲಿ. ಕ್ಯಾಬಿನ್ ಮೂಲೆಗಳಿಗೆ ಬಟ್ಟೆ ಸುತ್ತಿದ ಮ್ಯಾಗ್ನೆಟ್ ಹಿಡೀರಿ. ಅದು ಅಂಟ್ಕೊಳ್ಳದ ಕಡೆ ತಗಡಿನ ಮೇಲೆ ದಪ್ಪಕ್ಕೆ ಪುಟ್ಟಿ ಬಳಿದಿದಾರೆ ಅಂತಲೇ ಲೆಕ್ಕ. ನಿಜವಾಗ್ಲೂ ಬಿಚ್ಚಿ ಮಾಡಿದವರ ಹತ್ರ ಪೇಂಟ್ ಕೆರೆದು ಬರೀ ತಗಡು ಕಾಣೋ ಫೋಟೋಗಳು, ಪಾರ್ಟ್ಸ್ ಬಿಲ್ಲುಗಳು ರಾಶಿ ಇರ್ತವೆ, ಕೇಳದೇ ಇದ್ರೂ ತೋರಿಸ್ತಾರೆ (ಈ ಹುಚ್ಚಿನ ಜನಕ್ಕೆ ಅದೇ ಖುಷಿ). ಫೋಟೋ ಎಲ್ಲೋ ಕಳ್ದೋಯ್ತು ಅಂದ್ರೆ ನಾನಂತೂ ನಂಬಲ್ಲ.

ಓಡಿಸಿ ನೋಡೋಕೆ ಹೋಗೋ ದಿನ, ನಾನು ಬರೋತನಕ ಸ್ಟಾರ್ಟ್ ಮಾಡ್ಬೇಡಿ ಅಂತ ಮೊದಲೇ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ, ಬೆಚ್ಚಗಿದ್ರೆ ಆರೋ ತನಕ ಕಾಯಿರಿ, ಯಾಕಂದ್ರೆ ಇಂಜಿನ್ ತಣ್ಣಗಿದ್ದಾಗಲೇ ಅದರ ರೋಗ ಕಾಣೋದು. ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತಿದೆ. ಬಿಳಿ ಹೊಗೆ ಇಂಜಿನ್ ಬಿಸಿಯಾದ್ಮೇಲೂ ನಿಲ್ಲದೆ ಸಿಹಿ ವಾಸನೆ ಬಂದ್ರೆ ಕೂಲಂಟ್ ಒಳಗೆ ಹೋಗ್ತಿದೆ, ಹೆಡ್ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ. ಫೋರ್ ವೀಲ್ ಹಾಕಿ ನೋಡೋದನ್ನ ಮಾತ್ರ ಒಣ ಟಾರ್ ರೋಡಲ್ಲಿ ಮಾಡ್ಬೇಡಿ, ಇದರಲ್ಲಿ ಮುಂದಿನ ಹಿಂದಿನ ಆಕ್ಸಲ್ ಮಧ್ಯೆ ಡಿಫರೆನ್ಷಿಯಲ್ ಇಲ್ಲ, ತಿರುವಲ್ಲಿ ಎರಡೂ ಆಕ್ಸಲ್ ಬೇರೆ ಬೇರೆ ವೇಗದಲ್ಲಿ ತಿರುಗೋಕಾಗದೆ ಗೇರೆಲ್ಲ ಬಿಗಿಯಾಗ್ತವೆ. ಮಣ್ಣಿನ ಜಾಗಕ್ಕೆ ತಗೊಂಡು ಹೋಗಿ, ಲೋ ಗೇರ್ ಹಾಕಿ, ಸ್ಟೀರಿಂಗ್ ಪೂರ್ತಿ ಒಂದು ಕಡೆ ತಿರುಗಿಸಿ ನಿಧಾನ ಓಡಿಸಿ. ಮುಂದಿನ ಚಕ್ರದಿಂದ ಟಕ ಟಕ ಅಂತ ಬಂದ್ರೆ ಅಲ್ಲಿನ ಬಿರ್‌ಫೀಲ್ಡ್ ಜಾಯಿಂಟ್ (ಚಕ್ರ ಪಕ್ಕಕ್ಕೆ ತಿರುಗಿದಾಗ್ಲೂ ಅದಕ್ಕೆ ಇಂಜಿನ್ ಶಕ್ತಿ ತಲುಪಿಸೋ ಕೀಲು) ಸವೆದಿದೆ. ಅದೇ ಚಕ್ರದ ಹಿಂದಿರೋ ಗುಂಡು ಭಾಗದ ಮೇಲೆ ಗ್ರೀಸೂ ಆಯಿಲೂ ಕಲಸಿ ಒಸರ್ತಿದ್ರೆ ಸೀಲ್ ಹೋಗಿದೆ ಅಂತ. ಇವೆರಡೂ ಸರಿ ಮಾಡಬಹುದಾದ ಕೆಲಸವೇ, ಆದ್ರೆ ಎಲ್ಲಾ ಹೊಸದು ಅಂತ ಹೇಳಿ ಮಾರೋ ಗಾಡೀಲಿ ಯಾಕಿರಬೇಕು? ರೇಟ್ ಇಳಿಸೋಕೆ ಇದೇ ದಾರಿ.

ಟೈರಿನ ದಪ್ಪ ಬಟನ್ ನೋಡಿ ಮೋಸ ಹೋಗ್ಬೇಡಿ, ಬದಿಯಲ್ಲಿ ನಾಲ್ಕು ಅಂಕಿ ಇರತ್ತೆ, 2314 ಅಂತಿದ್ರೆ 2014ರ 23ನೇ ವಾರದಲ್ಲಿ ತಯಾರಾಗಿದ್ದು.

ಇಷ್ಟೆಲ್ಲ ಪಾಸಾದ್ರೆ ತಗೊಳ್ಳಿ, ಚೆನ್ನಾಗಿರೋ 45 ಪಿಕಪ್ಪು ಸಿಗೋದು ಅಪರೂಪ, ಇವೆಲ್ಲ ಹೊಲ, ಗಣಿ ಅಂತ ದುಡಿದು ದುಡಿದೇ ಸವೆದು ಹೋಗಿವೆ.

ಪ್ರಶ್ನೆ: ಅದರ ಬದಲು ಹಳೇ ಲ್ಯಾಂಡ್ ರೋವರ್ ಸೀರೀಸ್ ಪಿಕಪ್ ತಗೊಂಡ್ರೆ ಅಲ್ಯೂಮಿನಿಯಂ ಬಾಡಿ ಅಲ್ವಾ, ತುಕ್ಕಿನ ಚಿಂತೆನೇ ಇಲ್ಲ ಅಂತಾನೆ ಫ್ರೆಂಡು.

ಉತ್ತರ: ಫ್ರೆಂಡ್ ಹೇಳಿದ್ದು ಅರ್ಧ ಸರಿ. 1948ರಲ್ಲಿ ಶುರುವಾದಾಗಿಂದ ಅದರ ಬಾಡಿ ಪ್ಯಾನಲ್ ಅಲ್ಯೂಮಿನಿಯಂ ಮಿಶ್ರಲೋಹದ್ದೇ, ಎರಡನೇ ಮಹಾಯುದ್ಧ ಮುಗಿದಮೇಲೆ ಉಕ್ಕಿಗೆ ಅಭಾವ ಇತ್ತು ಅದಕ್ಕೆ. ಆದ್ರೆ ಚಾಸಿಸ್ಸೂ, ಡ್ಯಾಶ್‌ಬೋರ್ಡ್ ಹಿಂದಿನ ಬಲ್ಕ್‌ಹೆಡ್ಡೂ (ಇಂಜಿನ್ನಿಗೂ ಕ್ಯಾಬಿನ್ನಿಗೂ ಮಧ್ಯದ ಗೋಡೆ) ಉಕ್ಕೇ. ಅವು ಧಾರಾಳವಾಗಿ ತುಕ್ಕು ಹಿಡೀತವೆ, ಉಕ್ಕೂ ಅಲ್ಯೂಮಿನಿಯಮ್ಮೂ ತಾಗಿರೋ ಕಡೆ ನೀರು ಸೇರಿದ್ರೆ ಅಲ್ಯೂಮಿನಿಯಮ್ಮೂ ಬಿಳಿ ಪುಡಿಯಾಗಿ ಉದುರತ್ತೆ. ಸುತ್ತಿಗೆ ಅಲ್ಲೂ ಬೇಕು. ಮ್ಯಾಗ್ನೆಟ್ ಮಾತ್ರ ಮನೇಲೇ ಬಿಟ್ಟು ಹೋಗಿ, ಆ ಪ್ಯಾನಲ್ಲುಗಳಿಗೆ ಅದು ಅಂಟೋದೇ ಇಲ್ಲ.

ಪ್ರಶ್ನೆ: ರಿಸ್ಟೋರ್ ಮಾಡಿಸುವಾಗ ಪವರ್ ಸ್ಟೀರಿಂಗ್, ಡಿಸ್ಕ್ ಬ್ರೇಕ್ ಹಾಕಿಸಿದ್ರೆ ಬೆಲೆ ಬಿದ್ದು ಹೋಗತ್ತಾ?

ಉತ್ತರ: ಶೋಗೆ ಇಡೋರು ಮುಖ ಸಿಂಡರಿಸ್ತಾರೆ, ಓಡಿಸೋರು ಥ್ಯಾಂಕ್ಸ್ ಹೇಳ್ತಾರೆ. ನಾಲ್ಕೂ ಕಡೆ ಡ್ರಮ್ ಬ್ರೇಕ್ ಇರೋ ಭಾರದ ಗಾಡಿ ನೀರಲ್ಲಿ ಇಳಿದು ಬಂದಮೇಲೆ ಬ್ರೇಕ್ ಒತ್ತಿದ್ರೂ ಸರಿಯಾಗಿ ಹಿಡಿಯಲ್ಲ, ಆ ಅನುಭವ ಇದ್ದೋರು ಡಿಸ್ಕ್ ಬೇಡ ಅನ್ನಲ್ಲ. ಬಿಚ್ಚಿದ ಒರಿಜಿನಲ್ ಪಾರ್ಟುಗಳನ್ನ ಗುಜರಿಗೆ ಹಾಕ್ಬೇಡಿ, ಎಣ್ಣೆ ಸವರಿ ಡಬ್ಬೀಲಿ ಇಟ್ಟಿರಿ, ನಾಳೆ ಮಾರೋವಾಗ ಗಾಡಿ ಜೊತೆ ಕೊಡಬಹುದು.