ಜಾತಕ ನಂಬುವವರಿಗೂ ನಂಬದವರಿಗೂ ಸವಾಲು ಹಾಕಿದಾಗ ಯಾರಿಗೆ ಸಿಟ್ಟು ಜಾಸ್ತಿ?

ಮದುವೆಗೆ ಜಾತಕ ನೋಡುವ ವಿಚಾರದಲ್ಲಿ ನಿಮ್ಮ ಸೋದರಮಾವನ ಜೊತೆ ಜಗಳವಾಯಿತು, ಯಾರು ಜಾಸ್ತಿ ಹಟಮಾರಿ ಎಂದು ಕೇಳಿದ್ದೀರಿ. ನಾನು ಕಂಡಂತೆ ಸಿಟ್ಟು ಇಬ್ಬರಿಗೂ ಬರುತ್ತದೆ. ಭವಿಷ್ಯ ಸುಳ್ಳಾದರೆ ನಮ್ಮ ಚಿಕ್ಕಮ್ಮ "ಹುಟ್ಟಿದ ಗಳಿಗೆ ಸರಿಯಾಗಿ ಬರೆದುಕೊಂಡಿಲ್ಲ" ಅನ್ನುತ್ತಾರೆ. ನಿಜವಾದರೆ ನನ್ನ ಗೆಳೆಯ "ಕಾಕತಾಳೀಯ" ಎಂದು ಅಲ್ಲಿಗೇ ಮಾತು ಮುಗಿಸುತ್ತಾನೆ. ಇಬ್ಬರೂ ಉತ್ತರವನ್ನು ಮೊದಲೇ ಇಟ್ಟುಕೊಂಡಿರುತ್ತಾರೆ, ಅಲ್ವಾ?

ಇದರಿಂದ ಹೊರಬರುವ ದಾರಿಯನ್ನು ಮಹಾರಾಷ್ಟ್ರದಲ್ಲಿ 2008ರಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಜೊತೆಗಾರರು ತೋರಿಸಿದರು. ಓದಿನಲ್ಲಿ ಚುರುಕಾದ 100 ಮಕ್ಕಳು, ಬುದ್ಧಿಮಾಂದ್ಯರಾದ 100 ಮಕ್ಕಳು. ಹೆಸರು ಮುಚ್ಚಿಟ್ಟು ಅವರ ಕುಂಡಲಿಗಳನ್ನು ಮಾತ್ರ ಜ್ಯೋತಿಷಿಗಳಿಗೆ ಕಳಿಸಿದರು. ಒಬ್ಬೊಬ್ಬರಿಗೆ 40. ಯಾವುದು ಯಾವ ಗುಂಪಿನ ಮಗುವಿನದು, ಹೇಳಿ ಅಂದರು. ಸುಮ್ನೆ ನಾಣ್ಯ ಚಿಮ್ಮಿದರೂ 20ರ ಆಸುಪಾಸು ಸರಿಯಾಗಬೇಕು. 51 ಜನ ಕುಂಡಲಿ ತರಿಸಿಕೊಂಡರು, ಉತ್ತರ ಕಳಿಸಿದವರು 27. ಸರಾಸರಿ 46 ಶೇಕಡಾ ಸರಿ. ಎಲ್ಲರಿಗಿಂತ ಚೆನ್ನಾಗಿ ಹೇಳಿದವರದು 40ರಲ್ಲಿ 24.

ನನಗೆ ಇದರಲ್ಲಿ ಅಂಕಿಗಿಂತ ಇಷ್ಟವಾಗುವುದು ಪ್ರಕಾಶ್ ಘಾಟಪಾಂಡೆ ಅವರ ವಿಚಾರ. ಈ ತಂಡದಲ್ಲಿದ್ದ ಅವರು ಮೊದಲು ಜ್ಯೋತಿಷ್ಯವನ್ನೇ ವೃತ್ತಿ ಮಾಡಿಕೊಂಡಿದ್ದವರು. ಆಮೇಲೆ ಅದನ್ನು ಬಿಟ್ಟು, ಅದರ ವಿಮರ್ಶಕರಾದರು. ಹೊಟ್ಟೆಪಾಡನ್ನೇ ಬಿಟ್ಟು ಮನಸ್ಸು ಬದಲಿಸುವುದು ಸಣ್ಣ ವಿಷಯವಲ್ಲ.

ನಂಬದವರೂ ತಪ್ಪಿದ್ದಾರೆ. ಆಕಾಶದಿಂದ ಕಲ್ಲು ಬೀಳುತ್ತದೆ ಎಂದು ಹಳ್ಳಿಯವರು ಹೇಳಿದಾಗ 18ನೇ ಶತಮಾನದ ಫ್ರಾನ್ಸಿನ ಎಷ್ಟೋ ವಿದ್ವಾಂಸರು ಅದನ್ನು ಮೂಢನಂಬಿಕೆ ಎಂದು ತಳ್ಳಿಹಾಕಿದ್ದರು. 1803ರಲ್ಲಿ ಲೆಗ್ಲ್ ಎಂಬ ಊರಿನ ಸುತ್ತ ಸಾವಿರಾರು ಕಲ್ಲು ಬಿದ್ದವು. ವಿಜ್ಞಾನಿ ಬಿಯೊ ಅಲ್ಲಿಗೇ ಹೋಗಿ, ಜನರನ್ನು ಮಾತಾಡಿಸಿ, ಕಲ್ಲು ಬಿದ್ದ ಜಾಗ ನೋಡಿ ವರದಿ ಕೊಟ್ಟರು. ಅದಾದ ಮೇಲೆ ಹೆಚ್ಚಿನವರು ಒಪ್ಪಿದರು.

ಹಾಗಾಗಿ ಮಾವನ ಜೊತೆ ವಾದ ಮುಂದುವರಿಸಬೇಡಿ. "ಏನಾದರೆ ನೀವು ಜಾತಕ ಬಿಡ್ತೀರಿ ಮಾವ?" ಎಂದು ಸಮಾಧಾನವಾಗಿ ಕೇಳಿ. ಏನಾದರೆ ನೀವು ಅದನ್ನು ನಂಬುತ್ತೀರಿ ಎಂಬುದನ್ನೂ ಅವರಿಗೆ ಅವತ್ತೇ ಹೇಳಿಬಿಡಿ.