ಟಿಪ್ಸ್ ಕೊಡಿ, ಆದರೆ ಕೈಗೇ ಕೊಡಿ

ಓದುಗರ ಪತ್ರ: "ಸಂಪಾದಕರೇ, ಕಳೆದ ತಿಂಗಳು ಮನೆಯವರೆಲ್ಲ ಸೇರಿ ಶಿವಮೊಗ್ಗದ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಊಟಕ್ಕೆ ಹೋಗಿದ್ದೆವು. ಬಿಲ್ಲಿನಲ್ಲಿ ಊಟಕ್ಕೆ 1,560 ರೂಪಾಯಿ. ಅದರ ಕೆಳಗೆ ಸರ್ವಿಸ್ ಚಾರ್ಜ್ ಅಂತ 78. ಆಮೇಲೆ ಜಿಎಸ್‌ಟಿ. ಒಟ್ಟು 1,720. ಮಗ ಫೋನಿನಲ್ಲೇ ದುಡ್ಡು ಹಾಕಿದ. ನಾವು ಏಳುವಾಗ ಸಪ್ಲೈಯರ್ ಪಕ್ಕದಲ್ಲೇ ನಿಂತಿದ್ದ. ಬೆಂಗಳೂರಿನಲ್ಲಿರುವ ಸೊಸೆ ನೂರೈವತ್ತಾದರೂ ಕೊಡಬೇಕು ಅಂದಳು. ನನ್ನ ಮನೆಯವರು, 'ಸಂಬಳ ಕೊಡೋದು ಸಾಹುಕಾರರ ಕೆಲಸ, ನಮ್ಮದಲ್ಲ' ಅಂದರು. ನಾನು ಇಪ್ಪತ್ತು ರೂಪಾಯಿ ಇಟ್ಟು ಎದ್ದೆ. ಊರು ಮುಟ್ಟುವವರೆಗೂ ಕಾರಿನಲ್ಲಿ ಇದೇ ಚರ್ಚೆ. ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗಾರರಿಗೆ ಕೂಲಿ ಕೊಟ್ಟ ಮೇಲೆ ನಾವು ಟಿಪ್ಸ್ ಕೊಡ್ತೀವಾ? ಹೋಟೆಲಿನವರಿಗೆ ಮಾತ್ರ ಯಾಕೆ? ಕೊಡಬೇಕೋ ಬೇಡವೋ, ನೇರವಾಗಿ ಹೇಳಿ." – ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ ತಾಲೂಕು

ಸಂಪಾದಕರ ಉತ್ತರ:

ಮೇಷ್ಟ್ರೇ, ಕೊಡಿ. ಕೂತಲ್ಲಿಗೆ ತಂದು ಬಡಿಸಿದವರಿಗೆ, ನಿಮ್ಮ ಕೈಯಿಂದ ಅವರ ಕೈಗೇ, ನಿಮಗೆ ಆಗುವಷ್ಟು ಕೊಡಿ. ಆದರೆ ಬಿಲ್ಲಿನಲ್ಲಿ ಬರೆದು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ಇವೆರಡೂ ಬೇರೆ ಬೇರೆ ವಿಷಯ. ನಿಮ್ಮ ಮನೆಯ ಚರ್ಚೆಯಲ್ಲಿ ಎರಡೂ ಸೇರಿಕೊಂಡಿವೆ ಅಂತ ನನಗನ್ನಿಸುತ್ತದೆ.

ಮೊದಲು ಆ 78 ರೂಪಾಯಿ ನೋಡೋಣ. ಅದು ಟಿಪ್ಸ್ ಅಲ್ಲ. ನೀವು ಕೊಟ್ಟಿದ್ದಲ್ಲ, ಅವರು ಹಿಡಿದಿದ್ದು. ಸರ್ವಿಸ್ ಚಾರ್ಜ್ ಕೊಡೋದು ಬಿಡೋದು ಗಿರಾಕಿಯ ಇಷ್ಟ ಅಂತ ಕೇಂದ್ರ ಸರ್ಕಾರ 2017ರಲ್ಲೇ ಹೇಳಿತ್ತು. ಹೋಟೆಲುಗಳು ಕಿವಿಗೆ ಹಾಕಿಕೊಳ್ಳಲಿಲ್ಲ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇನ್ನೂ ಬಿಗಿಯಾದ ಮಾರ್ಗಸೂಚಿ ತಂದಿತು. ಸರ್ವಿಸ್ ಚಾರ್ಜನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ಬೇರೆ ಹೆಸರಿಟ್ಟು ವಸೂಲಿ ಮಾಡುವಂತಿಲ್ಲ. ಕೊಡದಿದ್ದರೆ ಒಳಗೆ ಬಿಡೋದಿಲ್ಲ ಅನ್ನುವಂತಿಲ್ಲ. ಊಟದ ದುಡ್ಡಿಗೆ ಅದನ್ನು ಕೂಡಿಸಿ, ಒಟ್ಟು ಮೊತ್ತದ ಮೇಲೆ ಜಿಎಸ್‌ಟಿ ಹಾಕುವಂತೆಯೂ ಇಲ್ಲ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು, ಸಂಘಗಳಿಗೆ ತಲಾ ಒಂದು ಲಕ್ಷ ದಂಡವನ್ನೂ ಹಾಕಿತು. ಅದರ ಮೇಲೆ ಸಂಘಗಳು ಮೇಲ್ಮನವಿ ಹಾಕಿವೆ.

ಈಗ ನಿಮ್ಮ ಬಿಲ್ಲನ್ನೇ ಲೆಕ್ಕ ಹಾಕಿ. ಊಟ 1,560. ಶೇಕಡಾ 5ರಂತೆ ಜಿಎಸ್‌ಟಿ 78. ಒಟ್ಟು 1,638 ಆಗಬೇಕಿತ್ತು. ಅವರು ಸರ್ವಿಸ್ ಚಾರ್ಜ್ ಸೇರಿಸಿ 1,638 ಮಾಡಿಕೊಂಡು, ಅದರ ಮೇಲೆ ಜಿಎಸ್‌ಟಿ ಹಾಕಿದ್ದಾರೆ. ಹೀಗಾಗಿ 82 ರೂಪಾಯಿ ಜಾಸ್ತಿ ಹೋಯಿತು. ಮುಂದಿನ ಸಲ ದುಡ್ಡು ಹಾಕುವ ಮುಂಚೆ ಬಿಲ್ ಓದಿ, "ಇದನ್ನು ತೆಗೆದು ಬೇರೆ ಬಿಲ್ ಕೊಡಿ" ಅಂತ ಗಲ್ಲಾದಲ್ಲಿ ಹೇಳಿ. ದನಿ ಏರಿಸುವ ಅಗತ್ಯವಿಲ್ಲ. ಕೇಳದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾಧಿಕಾರಿಗಳಿಗೂ ದೂರು ಕೊಡಬಹುದು. ನಿಮ್ಮ ಪಕ್ಕ ನಿಂತಿದ್ದ ಆ ಸಪ್ಲೈಯರ್‌ಗೆ ಈ 78ರಲ್ಲಿ ಎಷ್ಟು ಸಿಕ್ಕಿತೋ ಬಿಲ್ ನೋಡಿದರೆ ಗೊತ್ತಾಗೋದಿಲ್ಲ. ನನ್ನ ಸಿಟ್ಟು ಅದಕ್ಕೇ. ಅವನ ಹೆಸರಿನಲ್ಲಿ ದುಡ್ಡು ಕಿತ್ತು, ಗಿರಾಕಿಯ ಕಣ್ಣಲ್ಲಿ ಅವನನ್ನೇ ಸಣ್ಣವನನ್ನಾಗಿ ಮಾಡುತ್ತಾರೆ. ಬಿಲ್ ಕಂಡು ಮುಖ ಗಂಟಿಕ್ಕಿದ ಗಿರಾಕಿ ಅವನಿಗೆ ಕೊಡಬೇಕೆಂದಿದ್ದ ಹತ್ತು ರೂಪಾಯಿಯನ್ನೂ ಜೇಬಿಗೆ ಹಾಕಿಕೊಂಡು ಹೋಗುತ್ತಾನೆ.

ಇನ್ನು ಕೊನೆಗಾರರ ಮಾತು. ಮೇಷ್ಟ್ರೇ, ಕೂಲಿ ಕೊಟ್ಟ ಮೇಲೆ ನಾವು ಏನೂ ಕೊಡೋದಿಲ್ಲ ಅಂತ ನೀವು ಬರೆದಿದ್ದೀರಿ. ಸ್ವಲ್ಪ ನಿಮ್ಮ ಮನೆಯ ಅಂಗಳವನ್ನೇ ನೆನಪು ಮಾಡಿಕೊಳ್ಳಿ. ಕೊನೆ ಕೊಯ್ಲಿನ ದಿನ ಬೆಳಗ್ಗೆ ಅವರಿಗೆ ತಿಂಡಿ, ಎಲೆ ಅಡಿಕೆ ಇಡದ ಮನೆ ನಮ್ಮ ಕಡೆ ಇದೆಯಾ? ಚಳಿಯಲ್ಲಿ ಮೆಟ್ಟುಗತ್ತಿ ಮುಂದೆ ಅಡಿಕೆ ಸುಲಿಯಲು ಕೂತ ಹೆಂಗಸರಿಗೆ ರಾತ್ರಿ ಚಹಾ ಬರೋದಿಲ್ವಾ? ಸುಲಿದ ಅಡಿಕೆಯ ಲೆಕ್ಕ ಬೇರೆ, ಚಹಾದ ಲೆಕ್ಕ ಬೇರೆ. ಕೊಯ್ಲು ಮುಗಿದ ಮೇಲೆ ಕೂಲಿಯ ಜೊತೆ ಕೈಗೆ ಒಂದಿಷ್ಟು ಸೇರಿಸಿ ಕೊಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಹಾಗಂತ ಯಾವ ಕೊನೆಗಾರನೂ ತಿಂಡಿ ಕೊಟ್ಟಿರಲ್ಲ, ಕೂಲಿಯಲ್ಲಿ ಐವತ್ತು ಹಿಡಿದುಕೊಳ್ಳಿ ಅನ್ನೋದಿಲ್ಲ. ಹಿಡಿದುಕೊಂಡರೆ ಮರುವರ್ಷ ಅವನು ನಿಮ್ಮ ತೋಟದ ಕಡೆ ತಲೆ ಹಾಕಿಯೂ ಮಲಗೋದಿಲ್ಲ. ಹೋಟೆಲಿನಲ್ಲೂ ನ್ಯಾಯ ಇದೇ ಆಗಬೇಕು. ಸಂಬಳ ಪೂರ್ತಿ ಸಾಹುಕಾರರದು. ಮೇಲಿನದು ನಿಮ್ಮ ಮನಸ್ಸಿನದು.

ಹೀಗಾಗಿ ನಿಮ್ಮ ಮನೆಯವರ ಮಾತು ನೂರಕ್ಕೆ ನೂರು ಸರಿ. ಸಂಬಳ ಮಾಲೀಕರ ಹೊಣೆ. ಹೋಟೆಲ್ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಸರ್ಕಾರ ಕನಿಷ್ಠ ವೇತನ ಗೊತ್ತುಮಾಡುತ್ತದೆ, ಅದರ ಮೇಲೆ ತುಟ್ಟಿಭತ್ಯೆಯೂ ಇದೆ. ವಾರಕ್ಕೊಂದು ರಜೆ ಅನ್ನೋದೂ ಕಾನೂನೇ. ಟಿಪ್ಸ್ ಬರುತ್ತಲ್ಲ ಅಂತ ಸಂಬಳ ಕಡಿಮೆ ಮಾಡಲು ಇಲ್ಲಿ ಅವಕಾಶವಿಲ್ಲ. ಅಮೆರಿಕದಲ್ಲಿ ಇದೆ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಸಾಮಾನ್ಯ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್. ಟಿಪ್ಸ್ ಸಿಗುವ ಕೆಲಸದವರಿಗೆ ಮಾಲೀಕ 2.13 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಟಿಪ್ಸಿನಲ್ಲಿ ತುಂಬಬೇಕು. ಈ 2.13 ಅನ್ನೋದು 1991ರಿಂದ ಬದಲಾಗಿಲ್ಲ. ಕೆಲವು ರಾಜ್ಯಗಳು ಜಾಸ್ತಿ ಕೊಡಿಸುತ್ತವೆ, ಆ ಮಾತು ಬೇರೆ. ಅಲ್ಲಿ ಗಿರಾಕಿ ಟಿಪ್ಸ್ ಕೊಡದೆ ಎದ್ದರೆ ಅದು ಅವರ ಹೊಟ್ಟೆಗೇ ಹೊಡೆದ ಹಾಗೆ. ಸೊಸೆಯಂಥವರು ಹೇಳುವ ಶೇಕಡಾ 10, 15ರ ಲೆಕ್ಕವೆಲ್ಲ ಅಂಥ ಕಡೆಯಿಂದ ಬಂದಿದ್ದು. ಅವರ ಮನಸ್ಸು ಒಳ್ಳೆಯದು. ಆದರೆ ಆ ಲೆಕ್ಕ ನಮಗೆ ಬೇಡ. ಅದು ಇಲ್ಲಿ ಬೇರೂರಿದರೆ, "ಟಿಪ್ಸೇ ಇಷ್ಟು ಬರುತ್ತಲ್ಲ ಮಾರಾಯ, ಸಂಬಳ ಯಾಕೆ ಏರಿಸಬೇಕು" ಅನ್ನುವ ಮಾಲೀಕರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ.

2016ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಮುಂದೆ ಇಂಥದ್ದೇ ಒಂದು ಪ್ರಶ್ನೆ ಬಂದಿತ್ತು. ಅದು ಆದಾಯ ತೆರಿಗೆಯ ಕೇಸು. ಗಿರಾಕಿಗಳು ಕಾರ್ಡಿನಲ್ಲಿ ಕೊಟ್ಟ ಟಿಪ್ಸನ್ನು ಹೋಟೆಲಿನವರು ನೌಕರರಿಗೆ ಹಂಚಿದ್ದರು. ಅದನ್ನು ಸಂಬಳ ಅಂತ ತಿಳಿದು ತೆರಿಗೆ ಮುರಿದುಕೊಳ್ಳಬೇಕಿತ್ತಾ ಅನ್ನೋದು ಪ್ರಶ್ನೆ. ಬೇಡ ಅಂದಿತು ಕೋರ್ಟು. ಆ ದುಡ್ಡು ಗಿರಾಕಿ ಕೊಟ್ಟದ್ದು, ಮಾಲೀಕ ಕೊಟ್ಟದ್ದಲ್ಲ, ಆದ್ದರಿಂದ ಸಂಬಳವಲ್ಲ ಅಂತ ತೀರ್ಪು. ನಮ್ಮ ಮಾಲೀಕರು ಇದನ್ನು ಗಲ್ಲಾದ ಹಿಂದೆ ಬರೆದು ಅಂಟಿಸಿಕೊಳ್ಳಬೇಕು.

ಹಾಗಿದ್ದ ಮೇಲೆ, ಸಂಬಳ ಸಿಗುತ್ತಿರುವವರಿಗೆ ನಾವು ಯಾಕೆ ಕೊಡಬೇಕು ಅಂತ ಕೇಳಬಹುದು.

ಮಳೆಗಾಲದ ಒಂದು ಭಾನುವಾರ ಸಾಗರಕ್ಕೆ ಹೋಗಿ, ಬಿ.ಎಚ್. ರಸ್ತೆಯ ಯಾವುದಾದರೂ ಹೋಟೆಲಿನಲ್ಲಿ ಕೂತು ನೋಡಿ. ಜೋಗ ತುಂಬಿದೆ ಅಂತ ಸುದ್ದಿ ಹರಡಿದರೆ ಸಾಕು, ಬೆಳಗ್ಗೆ ಎಂಟಕ್ಕೇ ಕಾರು, ಟಿಟಿಗಳ ಸಾಲು. ಒಳಗೆ ಬಂದವರ ಕೊಡೆ, ರೇನ್‌ಕೋಟಿನಿಂದ ನೀರು ಸುರಿದು ನೆಲವೆಲ್ಲ ಜಾರು. ಆ ನೆಲದ ಮೇಲೆ ಸಪ್ಲೈಯರ್ ಎಡಗೈ ಉದ್ದಕ್ಕೂ ದೋಸೆ ತಟ್ಟೆ ಜೋಡಿಸಿಕೊಂಡು, ಬಲಗೈಯಲ್ಲಿ ಚಟ್ನಿ ಬಕೆಟ್ ಹಿಡಿದು ಬರುತ್ತಾನೆ. ಒಂದು ಟೇಬಲ್ಲಿಗೆ ಎರಡು ಸೆಟ್ ದೋಸೆ, ಒಂದು ಬನ್ಸ್, ಸಕ್ಕರೆ ಇಲ್ಲದ ಕಾಫಿ. ಇನ್ನೊಂದಕ್ಕೆ ಮಕ್ಕಳಿಗೆ ಖಾರ ಇಲ್ಲದ್ದು. ಯಾವುದನ್ನೂ ಬರೆದುಕೊಂಡಿರೋದಿಲ್ಲ. ಎಲ್ಲ ತಲೆಯಲ್ಲೇ. ಹೆಚ್ಚು ಕಡಿಮೆಯಾದರೆ ಗಿರಾಕಿಯ ಬೈಗುಳ ಒಂದು ಕಡೆ, ಗಲ್ಲಾದ ಬೈಗುಳ ಇನ್ನೊಂದು ಕಡೆ. ನಾವೆಲ್ಲ ರಜೆ ಅಂತ ಹೊರಟ ದಿನ ಅವನಿಗೆ ವರ್ಷದಲ್ಲೇ ಕಷ್ಟದ ದಿನ. ಮೊದಲೆಲ್ಲ ಈ ಕೆಲಸಕ್ಕೆ ಕುಂದಾಪುರ, ಬೈಂದೂರು ಕಡೆಯ ಹುಡುಗರು ಘಟ್ಟ ಹತ್ತಿ ಬರುತ್ತಿದ್ದರು. ಈಗ ಅಸ್ಸಾಂ, ಒಡಿಶಾ, ನೇಪಾಳದವರೂ ಇದ್ದಾರೆ. ಹೋಟೆಲಿನ ಹಿಂದಿನ ರೂಮಿನಲ್ಲಿ ನಾಲ್ಕೈದು ಜನ ಮಲಗಿ, ಊರಿಗೆ ದುಡ್ಡು ಕಳಿಸುವವರು. ಕನ್ನಡವನ್ನು ಟೇಬಲ್ಲಿಂದ ಟೇಬಲ್ಲಿಗೆ ಓಡಾಡುತ್ತಲೇ ಕಲಿತವರು. ಅವರ ದುಡಿಮೆ ನಮ್ಮ ಕಣ್ಣೆದುರೇ ನಡೆಯುತ್ತದೆ. ಕಂಡ ಮೇಲೆ ಸುಮ್ನೆ ಎದ್ದು ಹೋಗೋದು ನನಗೆ ಸರಿ ಕಾಣೋದಿಲ್ಲ. ನನ್ನ ಕಾರಣ ಇಷ್ಟೇ.

ಇನ್ನೊಂದು ವಿಷಯ ಯಾರೂ ಅಷ್ಟಾಗಿ ಮಾತಾಡುತ್ತಿಲ್ಲ. ಮೊದಲು ಬಿಲ್ಲಿನ ಜೊತೆ ಸೋಂಪಿನ ತಟ್ಟೆ ಬರುತ್ತಿತ್ತು. ನೀವು ನೂರರ ನೋಟು ಇಡುತ್ತಿದ್ದಿರಿ. ಚಿಲ್ಲರೆ ಅದೇ ತಟ್ಟೆಯಲ್ಲಿ ವಾಪಸ್ ಬರುತ್ತಿತ್ತು. ನೋಟು ಎತ್ತಿಕೊಂಡು ನಾಣ್ಯ ಬಿಟ್ಟು ಏಳೋದು ಎಲ್ಲರಿಗೂ ರೂಢಿ. ಯಾರೂ ಯೋಚನೆ ಮಾಡಿ ಕೊಡುತ್ತಿರಲಿಲ್ಲ, ಆದರೂ ಸಂಜೆಗೆ ಅವನ ಜೇಬಿನಲ್ಲಿ ಒಂದಿಷ್ಟು ಸೇರುತ್ತಿತ್ತು. 2016ರಲ್ಲಿ ಯುಪಿಐ ಬಂತು. ಈಗ ಶಿವಮೊಗ್ಗದ ಗಾಂಧಿ ಬಜಾರಿನ ಸೊಪ್ಪಿನವರ ಹತ್ತಿರವೂ ಸ್ಕ್ಯಾನರ್ ಇದೆ. ಒಳ್ಳೆಯದೇ ಆಯಿತು. ಆದರೆ ನಿಮ್ಮ ಮಗ ಮಾಡಿದ ಹಾಗೆ ಫೋನಿನಲ್ಲಿ 1,720 ಅಂತ ಒತ್ತಿದರೆ ಅಷ್ಟೂ ಗಲ್ಲಾಕ್ಕೆ ಹೋಗುತ್ತದೆ. ಚಿಲ್ಲರೆ ಅನ್ನೋದೇ ಹುಟ್ಟೋದಿಲ್ಲ. ಜನ ಜಿಪುಣರಾಗಿದ್ದಾರೆ ಅಂತಲ್ಲ. ಕೊಡುವ ದಾರಿ ಮುಚ್ಚಿಹೋಗಿದೆ, ಅಷ್ಟೇ. ಅದಕ್ಕೇ ಹೊರಗೆ ಹೊರಡುವಾಗ ಹತ್ತು, ಇಪ್ಪತ್ತರ ನೋಟು ನಾಲ್ಕು ಜೇಬಿನಲ್ಲಿಟ್ಟುಕೊಳ್ಳಿ ಅಂತ ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ನೋಟಿಲ್ಲದಿದ್ದರೆ "ನಿಮ್ಮದೇ ಫೋನ್‌ಪೇ ಇದೆಯಾ" ಅಂತ ಕೇಳಿ ಅವರ ನಂಬರಿಗೇ ಹಾಕಿ. ಬಿಲ್ಲಿನ ಜೊತೆ ಸೇರಿಸಿ ಹಾಕಬೇಡಿ.

ಕೆಲವು ಕಡೆ ಗಲ್ಲಾದ ಪಕ್ಕ ಟಿಪ್ಸ್ ಡಬ್ಬಿ ಇರುತ್ತದೆ. ಡಬ್ಬಿಯಲ್ಲೂ ಒಂದು ನ್ಯಾಯವಿದೆ. ಕೈಗೆ ಕೊಟ್ಟರೆ ಅದು ಬಡಿಸಿದವರಿಗೆ ಮಾತ್ರ. ಕಾವಲಿ ಮುಂದೆ ಬೇಯುತ್ತಾ ದೋಸೆ ಹುಯ್ದ ಭಟ್ಟರಿಗೂ, ಹಿಂದೆ ಪಾತ್ರೆ ತೊಳೆದ ಹೆಂಗಸಿಗೂ ಏನೂ ಇಲ್ಲ. ಡಬ್ಬಿ ವಾರಕ್ಕೊಮ್ಮೆ ಎಲ್ಲರೆದುರು ತೆರೆದು ಹಂಚಿದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ಹಂಚುತ್ತಾರಾ ಅಂತ ಸಪ್ಲೈಯರನ್ನೇ ಮೆಲ್ಲಗೆ ಕೇಳಿ. ಅವನು ಗಲ್ಲಾದ ಕಡೆ ನೋಡಿ ತಡವರಿಸಿದರೆ ನಿಮಗೆ ಉತ್ತರ ಸಿಕ್ಕಿತು, ಕೈಗೇ ಕೊಡಿ. ಬ್ರಿಟನ್ನಿನಲ್ಲಿ 2024ರ ಅಕ್ಟೋಬರ್ 1ರಿಂದ, ಟಿಪ್ಸ್ ಪೂರ್ತಿ ಕೆಲಸಗಾರರಿಗೇ ಸೇರಬೇಕು ಅಂತ ಕಾನೂನು ಜಾರಿಗೆ ಬಂದಿದೆ. ನಮಗೂ ಅಂಥದ್ದೊಂದು ಬೇಕು.

ಟಿಪ್ಸ್ ಬೇಡ ಅನ್ನುವವರ ಒಂದು ಮಾತು ಮಾತ್ರ ನನ್ನನ್ನು ಬಹಳ ಕಾಡುತ್ತದೆ. ಕಾರಿನಲ್ಲಿ ಬಂದವರ ಟೇಬಲ್ಲಿಗೆ ಸಪ್ಲೈಯರ್ ಓಡುತ್ತಾನೆ, ಮಂಡಿಗೆ ಬಂದು ಚೀಲ ಪಕ್ಕಕ್ಕಿಟ್ಟು ಒಂದು ವಡೆ, ಒಂದು ಕಾಫಿ ಹೇಳಿದ ರೈತ ಕಾಯುತ್ತಾ ಕೂರುತ್ತಾನೆ ಅಂತ. ಇದು ನಿಜ, ನಾನೂ ನೋಡಿದ್ದೇನೆ. ಹತ್ತು ರೂಪಾಯಿ ಕೊಡಲಾಗದವನಿಗೂ ಅಷ್ಟೇ ಬಿಸಿ ಕಾಫಿ, ಅಷ್ಟೇ ಬೇಗ ಬರಬೇಕು. ಅದಕ್ಕೇ ಮುಂಚಿತವಾಗಿ ನೋಟು ತೋರಿಸಿ ಜಾಗ ಹಿಡಿಸಿಕೊಳ್ಳುವ ಚಾಳಿ ನನಗೆ ಹಿಡಿಸೋದಿಲ್ಲ. ಅದು ಟಿಪ್ಸ್ ಅಲ್ಲ, ಲಂಚ. ತಿಂದಾದ ಮೇಲೆ, ಏಳುವಾಗ ಕೊಡಿ. ಕೊಡಲು ಆಗದವರು ಮುಖ ತಗ್ಗಿಸುವ ಅಗತ್ಯವೂ ಇಲ್ಲ. ಬಡಿಸಿದ್ದು ಸರಿ ಇರಲಿಲ್ಲವಾ? ಕೊಡಬೇಡಿ. ಆದರೆ ಅಡುಗೆ ಕೆಟ್ಟಿದ್ದರೆ ಅದು ತಂದಿಟ್ಟವನ ತಪ್ಪಲ್ಲ.

ಎಷ್ಟು ಅಂತ ಕೇಳಿದರೆ ನನ್ನ ರೂಢಿ ಹೇಳುತ್ತೇನೆ. ತಿಂಡಿ, ಕಾಫಿಗೆ ಹತ್ತು. ಮನೆಯವರೆಲ್ಲ ಕೂತು ಉಂಡರೆ ಐವತ್ತು. ಹಬ್ಬದ ದಿನ, ಜಾತ್ರೆಯ ದಿನ ನೂರು. ನಿಂತು ತಿನ್ನುವ ದರ್ಶಿನಿಯಲ್ಲಿ ಬಡಿಸುವವರೇ ಇಲ್ಲ, ಆದರೆ ಟೇಬಲ್ ಒರೆಸುವವರು ಇರುತ್ತಾರೆ. ಅವರಿಗೆ ಯಾರೂ ಕೊಡೋದಿಲ್ಲ. ನಾವು ತಿಂದುಬಿಟ್ಟ ಎಂಜಲನ್ನು ಕೈಯಿಂದ ಬಳಿದು ಟಬ್ಬಿಗೆ ಹಾಕುವವರು ಅವರು. ಹತ್ತರ ನೋಟು ಒಂದೇ ಇದ್ದರೆ ನಾನು ಅವರಿಗೇ ಕೊಡುತ್ತೇನೆ. ಹೋಂಸ್ಟೇಯಲ್ಲೂ ಅಷ್ಟೇ. ಯಜಮಾನರಿಗೆ ರೂಮಿನ ಬಾಡಿಗೆ ಕೊಟ್ಟಿರುತ್ತೀರಿ. ನಿಮಗೆ ಬೆಳಗಿನ ಕಡುಬು ಬೇಯಿಸಿದ, ಜಿಗಣೆ ಹತ್ತಿದ ಕಾಲಿಗೆ ಉಪ್ಪು ತಂದುಕೊಟ್ಟ ಕೆಲಸದಮ್ಮನನ್ನು ಹೊರಡುವ ಮುಂಚೆ ಹುಡುಕಿ ಕೊಡಿ.

ಒಂದು ಕಡೆ ಮಾತ್ರ ಟಿಪ್ಸ್ ಬೇಡವೇ ಬೇಡ. ಟೇಬಲ್ ಒರೆಸುತ್ತಿರುವುದು ಮಗುವಾಗಿದ್ದರೆ. ಹದಿನಾಲ್ಕು ತುಂಬದ ಮಕ್ಕಳನ್ನು ಹೋಟೆಲು, ಢಾಬಾಗಳಲ್ಲಿ ದುಡಿಸಬಾರದು ಅಂತ 2006ರಿಂದಲೇ ನಿಷೇಧವಿದೆ. ಪಾಪ ಅಂತ ಇಪ್ಪತ್ತು ರೂಪಾಯಿ ಕೊಟ್ಟು ಬಂದರೆ ಮಗು ಅಲ್ಲೇ ಉಳಿಯುತ್ತದೆ. ಹೊರಗೆ ಬಂದು ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ನೀವು ಮೇಷ್ಟ್ರು, ನಿಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ನಿಮ್ಮ ಇಪ್ಪತ್ತು ರೂಪಾಯಿ ಸಾಕಿತ್ತಾ ಅನ್ನೋದಕ್ಕೆ ನನ್ನ ಉತ್ತರ: ಆ ದಿನಕ್ಕೆ ಸಾಕು. 82 ರೂಪಾಯಿ ಆಗಲೇ ಬೇರೆಯವರ ಪಾಲಾಗಿತ್ತಲ್ಲ. ಮುಂದಿನ ಸಲ ಅದನ್ನು ಬಿಲ್ಲಿನಿಂದ ತೆಗೆಸಿ, ಐವತ್ತನ್ನು ಸಪ್ಲೈಯರ್ ಕೈಗೆ ಕೊಡಿ. ಸೊಸೆಯೂ ಒಪ್ಪುತ್ತಾರೆ, ನಿಮ್ಮ ಮನೆಯವರೂ ಒಪ್ಪುತ್ತಾರೆ, ಮೂವತ್ತೆರಡು ಉಳಿಯುತ್ತದೆ.

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಹೋಟೆಲುಗಳಲ್ಲಿ ಕೆಲಸ ಮಾಡುವವರು ಇದನ್ನು ಓದುತ್ತಿದ್ದರೆ, ನಿಮ್ಮಲ್ಲಿ ಸಂಬಳ, ರಜೆ, ಟಿಪ್ಸ್ ಹಂಚಿಕೆ ಹೇಗಿದೆ ಅಂತ ನಮಗೆ ಬರೆಯಿರಿ. ಬರೆಯಲು ಬಾರದಿದ್ದರೆ ಫೋನಿನಲ್ಲಿ ಮಾತಾಡಿ ಕಳಿಸಿ, ಯಾವ ಭಾಷೆಯಾದರೂ ಸರಿ, ನಾವು ಬರೆದುಕೊಳ್ಳುತ್ತೇವೆ. ನಿಮ್ಮ ಹೆಸರು, ಹೋಟೆಲಿನ ಹೆಸರು ಎರಡನ್ನೂ ಹಾಕೋದಿಲ್ಲ. ಮಾಲೀಕರೂ ಬರೆಯಲಿ. ಮುಂದಿನ ಸಂಚಿಕೆಯಲ್ಲಿ ಇದಕ್ಕೆ ಎರಡು ಪುಟ ಇಟ್ಟಿದ್ದೇವೆ.

– ಸಂಪಾದಕ